ಆ ರಾತ್ರಿ ಬೆಂಚಿನಲ್ಲಿ ಕೂತವನಿಗೆ, ಮತ್ತೆ ನಿಮಗೆಲ್ಲ

ನಮ್ಮ ಯಜಮಾನರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ನಿನ್ನೆ ಬಾಲ್ಕನಿವರೆಗೆ ನಡೆದು, ತುಳಸಿಗೆ ನೀರು ಜಾಸ್ತಿ ಹಾಕ್ತೀಯ ಅಂತ ನನ್ನನ್ನು ಬೈದರು. ಅಂದರೆ ಹುಷಾರಾಗಿದ್ದಾರೆ. ಏನಾಗಿತ್ತು, ಎಲ್ಲಿ ಆಪರೇಶನ್ ಅಂತ ಮತ್ತೆ ಬರೆಯುವುದಿಲ್ಲ. ನಿಮಗೆಲ್ಲ ಗೊತ್ತು, ಕೆಲವರಿಗೆ ನನಗಿಂತ ಚೆನ್ನಾಗಿ ಗೊತ್ತು.

ರಕ್ತ ಕೊಟ್ಟ ಹಳೇ ವಿದ್ಯಾರ್ಥಿಗಳಿಗೆ, ದಿನಾ ಡಬ್ಬಿ ಕಳಿಸಿದ ಪಕ್ಕದ ಮನೆ ವಹಿನಿಗೆ, ಕುಂದಾಪುರದಿಂದ ರಾತ್ರಿ ಬಸ್ ಹತ್ತಿ ಬಂದ ತಂಗಿಗೆ, ರಜೆ ಸಿಕ್ಕ ಕೂಡಲೇ ವಿಮಾನ ಹತ್ತಿದ ಮಗನಿಗೆ, ಕನ್ನಡ ಸಂಘದವರಿಗೆ, ಸ್ಟಾಫ್ ರೂಮಿನ ಗೆಳತಿಯರಿಗೆ ತುಂಬಾ ಥ್ಯಾಂಕ್ಸ್. ಎಲ್ಲರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದಳು ಅಂತ ಬೇಜಾರು ಮಾಡ್ಕೋಬೇಡಿ. ಉಳಿದ ಜಾಗ ಇನ್ನೊಬ್ಬನಿಗೆ ಬೇಕು.

ಹೆಸರು ಹಾಕಬೇಡಿ ಟೀಚರ್ ಅಂದಿದ್ದಾನೆ, ಹಾಕುವುದಿಲ್ಲ. ಫೋರ್ಟ್ ಕಡೆ ಒಂದು ಹೋಟೆಲಿನಲ್ಲಿ ಗಲ್ಲೆ ನೋಡಿಕೊಳ್ಳುತ್ತಾನೆ. ನಮ್ಮ ರಾತ್ರಿ ಶಾಲೆಗೆ ಸೇರಿದಾಗ ಕ್ಲೀನರ್ ಆಗಿದ್ದ. ಮುಂಬೈಯ ಕನ್ನಡ ರಾತ್ರಿ ಶಾಲೆಗಳನ್ನು ನೋಡಿರದ ಕಿರಿಯರಿಗಾಗಿ ಹೇಳುತ್ತೇನೆ. ಊರಿಂದ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಹುಡುಗರು ಸಂಜೆ ಬಂದು ಎಸ್ಸೆಸ್ಸಿ, ಅಂದರೆ ಹತ್ತನೇ ಕ್ಲಾಸು, ಓದುತ್ತಿದ್ದ ಜಾಗ ಅದು. ಬೆಳಗಾಗುವ ಮೊದಲೇ ಎದ್ದು, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಟೇಬಲ್ ಜೋಡಿಸಿ ಅದರ ಮೇಲೆ ಮಲಗುವ ಹುಡುಗರು.

ಬಿ.ಎಡ್.ನಲ್ಲಿ ನಮಗೆ ಮಾಸ್ಲೋ ಎಂಬ ಮನಶ್ಶಾಸ್ತ್ರಜ್ಞರ ಪಾಠ ಇತ್ತು, ಮನುಷ್ಯನ ಅಗತ್ಯಗಳು ಮೆಟ್ಟಿಲು ಮೆಟ್ಟಿಲಾಗಿ ಇರುತ್ತವೆ ಅಂತ. ಮೊದಲು ಅನ್ನ, ನಿದ್ದೆ. ಆಮೇಲೆ ಭದ್ರತೆ, ಪ್ರೀತಿ, ಗೌರವ. ಎಲ್ಲಕ್ಕಿಂತ ಮೇಲೆ, ತಾನು ಏನಾಗಬಲ್ಲೆನೋ ಅದಾಗುವುದು. (ಎಲ್ಲರೂ ಬಿಡಿಸುವ ಆ ಪಿರಮಿಡ್ ಅವರ 1943ರ ಲೇಖನದಲ್ಲಿ ಇಲ್ಲವೇ ಇಲ್ಲ. ಆಮೇಲೆ ಬೇರೆಯವರು ಬಿಡಿಸಿದ್ದು. ನಾವು ಅದನ್ನೇ ಬಿಡಿಸಿ ಮಾರ್ಕ್ಸ್ ತಗೊಂಡೆವು.) ನನ್ನ ಕ್ಲಾಸಿನಲ್ಲಿ ಎಲ್ಲ ತಲೆಕೆಳಗು. ನಿದ್ದೆಗೆಟ್ಟವರು, ಇನ್ನೂ ಊಟ ಆಗದವರು ಬೀಜಗಣಿತ ಕಲಿಯಲು ಬರುತ್ತಿದ್ದರು. ಅವರನ್ನು ಹುರಿದುಂಬಿಸಲು ನಾನು ಮಾಟುಂಗದ ರಾಮ ನಾಯಕರ ಕತೆ ಹೇಳುತ್ತಿದ್ದೆ. ಹುಡುಗನಾಗಿ ಈ ಊರಿಗೆ ಬಂದು ಅಡುಗೆಮನೆಯಲ್ಲಿ ದುಡಿದು, 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದವರು. ಉಳಿದವರು ಕಣ್ಣರಳಿಸಿ ಕೇಳುತ್ತಿದ್ದರು. ಇವನು ಡೆಸ್ಕಿನ ಮೇಲೆ ತಲೆಯಿಟ್ಟು ಗಾಢ ನಿದ್ದೆ. ದೊಡ್ಡವನಾಗಿ ಏನಾಗ್ತೀಯ ಅಂದರೆ ನಗುತ್ತಿದ್ದ, ಅಷ್ಟೇ.

ಆ ರಾತ್ರಿ ಹೋಟೆಲ್ ಮುಚ್ಚಿ, ಫ್ಲಾಸ್ಕಿನಲ್ಲಿ ಚಾ ಹಿಡಿದು ಆಸ್ಪತ್ರೆಗೆ ಬಂದ. ನಾನು ಬಿಲ್ಲಿಂಗ್ ಕೌಂಟರಿನಲ್ಲಿ ಜೋರು ಜೋರು ಮಾತಾಡುತ್ತಿದ್ದೆ. ಇನ್ಶೂರೆನ್ಸಿನವರ ಉತ್ತರ ಬಂದಿಲ್ಲ, ಡೆಪಾಸಿಟ್ ಕಟ್ಟಿ ಅಂತ ಅಲ್ಲಿನ ಹುಡುಗ ಹಠ ಹಿಡಿದಿದ್ದ. ಇವನು ನನ್ನನ್ನು ಪಕ್ಕಕ್ಕೆ ಕೂರಿಸಿ, ಒಂದು ಲೋಟ ಚಾ ಬಗ್ಗಿಸಿ ಆ ಹುಡುಗನ ಮುಂದೆ ಇಟ್ಟ. ಮಾತೇ ಆಡಲಿಲ್ಲ. ಹುಡುಗ ಎರಡು ಗುಟುಕು ಕುಡಿದು, ಬೆಳಿಗ್ಗೆವರೆಗೆ ಟೈಮ್ ಇದೆ ಆಂಟಿ ಅಂದ. ಆಮೇಲೆ ಇವನು ನನಗೆ ಹೇಳಿದ: "ಸಿಟ್ಟಲ್ಲಿರುವ ಗಿರಾಕಿಗೆ ಉತ್ತರ ಕೊಡಬಾರದು ಟೀಚರ್. ಮೊದಲು ನೀರು ಇಡಬೇಕು. ಅವನೂ ಬೆಳಿಗ್ಗೆಯಿಂದ ಬೈಸಿಕೊಂಡು ಕೂತಿದ್ದಾನೆ." ಮನುಷ್ಯರ ಸ್ವಭಾವದ ಬಗ್ಗೆ ನಾನು ಓದಿದ ಪುಸ್ತಕಗಳು ಒಂದು ಕಪಾಟು ತುಂಬಾ ಇವೆ.

ನನ್ನ ಚೀಲದಲ್ಲಿ ಮುದ್ದೆಯಾಗಿದ್ದ ಔಷಧಿ ಚೀಟಿ, ರಸೀದಿ ಎಲ್ಲ ತೆಗೆದು ತೊಡೆಯ ಮೇಲೆ ಒಂದೊಂದೇ ನೀವಿ, ತಾರೀಕಿನ ಪ್ರಕಾರ ಜೋಡಿಸಿದ. ಗಲ್ಲೆಯವರ ಕೈ. ಪ್ರತಿ ಚೀಟಿಯ ಹಿಂದೆ ಮೊತ್ತ ಬರೆದು ಕ್ಲಿಪ್ ಹಾಕಿದ. ಆಮೇಲೆ ಕ್ಲೇಮಿಗೆ ಆ ಕಟ್ಟು ಹಾಗೇ ಹೋಯಿತು.

ನಡುರಾತ್ರಿ ಕಳೆದ ಮೇಲೆ ಡಾಕ್ಟರ್ ಹೊರಗೆ ಬಂದು, ಏನೂ ಹೇಳಲಾಗದು ಅಂದರು. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು, ಇವರ ಮೇಲೆ. ಲಾಕರ್ ಕೀ ಎಲ್ಲಿ, ಎಲ್‌ಐಸಿ ಕಾಗದ ಎಲ್ಲಿ, ಒಂದೂ ಹೇಳದೆ ಹೊರಟಿದ್ದೀರಲ್ಲ ಅಂತ. ಅದನ್ನು ಬಾಯಿಬಿಟ್ಟೇ ಹೇಳಿದೆ, ಕಾರಿಡಾರಿನಲ್ಲಿ, ಗಟ್ಟಿಯಾಗಿ. ಮೊಬೈಲಿನಲ್ಲಿ "ಧೈರ್ಯವಾಗಿರಿ, ಪಾಸಿಟಿವ್ ಆಗಿರಿ" ಅನ್ನುವ ಮೆಸೇಜುಗಳು ಬರುತ್ತಲೇ ಇದ್ದವು. ಇವನು ಎಲ್ಲ ಸರಿಹೋಗುತ್ತೆ ಅನ್ನಲಿಲ್ಲ. ಫೋನ್ ತೆಗೆದುಕೊಂಡು ಸೈಲೆಂಟ್ ಮಾಡಿ, ಚಾರ್ಜಿಗೆ ಹಾಕಿ ಬಂದು ಪಕ್ಕದಲ್ಲಿ ಕೂತ.

ಬೆಳಗಿನ ಜಾವ ಸುಮ್ನೆ ಕೇಳಿದೆ, ಕ್ಲಾಸಿಗೆ ಬಂದು ನಿದ್ದೆ ಮಾಡ್ತಿದ್ದೆಯಲ್ಲ ಮಾರಾಯ, ಯಾಕೆ ಬರ್ತಿದ್ದೆ?

"ಫ್ಯಾನ್ ಇತ್ತು ಟೀಚರ್" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಹಾಜರಿ ಕರೆಯುವಾಗ ನೀವು ಪೂರ್ತಿ ಹೆಸರು ಕರೀತಿದ್ರಿ. ಹೋಟೆಲಿನಲ್ಲಿ ಎಲ್ಲರಿಗೂ ನಾನು ಏ ಛೋಟು. ಹಾಜರಿ ಆದ ಮೇಲೆ ನಿದ್ದೆ ಬರ್ತಿತ್ತು."

ಪೂರ್ತಿ ಹಾಜರಿಗೆ ನಾವು ಸ್ಟೀಲ್ ಡಬ್ಬಿ ಬಹುಮಾನ ಕೊಡುತ್ತಿದ್ದೆವು. ಅವನಿಗೆ ಅದು ಒಮ್ಮೆಯೂ ಸಿಗಲಿಲ್ಲ, ಆದರೂ ಬಂದ. ಅಮೆರಿಕದ ಒಂದು ನರ್ಸರಿಯಲ್ಲಿ ನಡೆದು, 1973ರಲ್ಲಿ ಪ್ರಕಟವಾದ ಪ್ರಯೋಗ ನೆನಪಾಗುತ್ತದೆ. ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಮಕ್ಕಳಿಗೆ, ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೇವೆ ಅಂತ ಮೊದಲೇ ಹೇಳಿ ಕೊಟ್ಟರು. ಆಮೇಲೆ ನೋಡಿದರೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಗಿತ್ತು. ಡಬ್ಬಿ ಸಿಗದೆ ಇದ್ದದ್ದೇ ಇವನಿಗೆ ಒಳ್ಳೆಯದಾಯಿತೋ ಏನೋ! ಹಾಗೆ ಹೆಸರಿಗಾಗಿ ಬಂದವನು ಈಗ ಹೆಸರು ಬೇಡ ಅನ್ನುತ್ತಾನೆ. ಈ ಗಂಡಸರು ಅರ್ಥವಾಗುವುದಿಲ್ಲ ಬಿಡಿ.

ಬೆಳಕು ಹರಿಯುವ ಮೊದಲೇ ಎದ್ದ, ಇಡ್ಲಿ ಮೊದಲ ಒಬ್ಬೆ ಇಳಿಯುವಾಗ ಗಲ್ಲೆಯಲ್ಲಿ ಇರಬೇಕು ಅಂತ. ಸಂಜೆ ಮತ್ತೆ ಬಂದ. ಅದರ ಮರುದಿನವೂ.

ಬರುವ ಜೂನಿನಲ್ಲಿ ಸಂಘದವರು ಕರಿಯರ್ ಗೈಡೆನ್ಸ್ ಶಿಬಿರಕ್ಕೆ ನನ್ನನ್ನು ಕರೆದಿದ್ದಾರೆ. ಈ ಸಲ ಅವನನ್ನೂ ಕರೆಯಿರಿ ಅಂತ ಹೇಳಿದ್ದೇನೆ, ಭಾಷಣಕ್ಕಲ್ಲ, ಹುಡುಗರ ಜೊತೆ ಚಾ ಕುಡಿಯಲು. ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಆದರೆ ಬರ್ತೇನೆ ಅಂದಿದ್ದಾನೆ.

ಇವರನ್ನು ನೋಡಲು ಬರುವವರು ಸಂಜೆ ಐದರ ಮೇಲೆ ಬನ್ನಿ, ಮಧ್ಯಾಹ್ನ ಮಲಗುತ್ತಾರೆ. ಸೇಬು ತರಬೇಡಿ, ಫ್ರಿಜ್ ತುಂಬಾ ಅದೇ ಇದೆ. ಲಾಕರ್ ಕೀ ಸಿಕ್ಕಿದೆ. ಅಕ್ಕಿ ಡಬ್ಬದಲ್ಲಿತ್ತು.