ಎರಡನೇ ಸಲ ತೋಳು ಚಾಚಿದವರಿಗೆ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯ ತನಕ ನಡೆಸಿದ ಹೆಪಟೈಟಿಸ್ ಸಿ ತಪಾಸಣೆಯ ಮೊದಲ ಸುತ್ತು ಮುಗಿದಿದೆ. ಜಾಗ ಕೊಟ್ಟವರು, ಕೊಂಕಣಿಯಲ್ಲಿ ತಿಳಿಸಿ ಹೇಳಿದವರು, ಚಹಾ-ಅವಲಕ್ಕಿ ಮಾಡಿ ಕಳಿಸಿದವರು, ಎಲ್ಲರಿಗೂ ನಮಸ್ಕಾರ. ಮೊದಲ ಕೃತಜ್ಞತೆ ಮಾತ್ರ, ಬೆರಳು ಚುಚ್ಚಿಸಿಕೊಂಡು ಕಾರ್ಡಿನಲ್ಲಿ ಎರಡು ಗೆರೆ ಕಂಡರೂ ಮನೆಯಲ್ಲಿ ಮುಚ್ಚಿ ಕೂರದೆ ಮತ್ತೆ ಬಂದವರಿಗೆ.

ಆ ಎರಡು ಗೆರೆ ಹೇಳುವುದು ಅರ್ಧ ಮಾತು. ವೈರಸ್ ಎಂದೋ ಒಮ್ಮೆ ದೇಹ ಹೊಕ್ಕಿತ್ತು ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಸೋಂಕು ತಗುಲಿದವರಲ್ಲಿ ನೂರಕ್ಕೆ ಸುಮಾರು 30 ಮಂದಿ ಔಷಧವಿಲ್ಲದೆ ಆರು ತಿಂಗಳೊಳಗೆ ತಾವೇ ಗುಣವಾಗುತ್ತಾರೆ; ಆದರೂ ವೈರಸ್ಸಿನೊಡನೆ ಹೋರಾಡಲು ದೇಹ ಮಾಡಿಕೊಂಡ ಪ್ರತಿಕಾಯ ಅವರ ರಕ್ತದಲ್ಲಿ ಉಳಿದು, ಕಾರ್ಡು ಮುಂದೆಯೂ ಎರಡು ಗೆರೆಯನ್ನೇ ತೋರಿಸುತ್ತಿರುತ್ತದೆ. ವೈರಸ್ ಈಗಲೂ ಇದೆಯೇ ಎಂದು ತಿಳಿಯಲು ತೋಳಿನಿಂದ ರಕ್ತ ತೆಗೆದು ಆರ್‌ಎನ್‌ಎ ಪರೀಕ್ಷೆ, ಅಂದರೆ ವೈರಲ್ ಲೋಡ್, ಮಾಡಲೇಬೇಕು. ಉಳಿದ 70 ಮಂದಿಯಲ್ಲಿ ಅದು ಯಕೃತ್ತಿನಲ್ಲಿ ಸದ್ದಿಲ್ಲದೆ ಕೂತಿರುತ್ತದೆ, ಇಪ್ಪತ್ತು ವರ್ಷವಾದರೂ ಕಣ್ಣು ಹಳದಿಯಾಗದೆ. ‘ಕಾಮಾಲೆ ಬಂದಿಲ್ಲವಲ್ಲ, ನನಗೇನು’ ಎಂದುಕೊಂಡು ಬರದೇ ಉಳಿದವರಿಗೆ ಇದನ್ನು ಮುಟ್ಟಿಸಿ. ಮಳೆಗಾಲದಲ್ಲಿ ಬಾವಿ ನೀರು ಕೆಟ್ಟು ಬರುವ ಕಾಮಾಲೆ ಹೆಚ್ಚಾಗಿ ಎ ಮತ್ತು ಇ ವೈರಸ್ಸಿನದು, ಅದರ ದಾರಿಯೇ ಬೇರೆ. ಸಿ ಹರಡುವುದು ರಕ್ತದಿಂದ. ಒಂದೇ ಬಟ್ಟಲಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ, ಕೆಮ್ಮಿದರೆ ಬರುವುದಿಲ್ಲ.

ಕ್ಷೌರದಂಗಡಿಯವರ ಹೆಸರು ಬರೆಯಲಾಗದು, ಋಣ ಮಾತ್ರ ದೊಡ್ಡದು. ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಎಂಬ ನಿಯಮವನ್ನು ಬಹಳ ಅಂಗಡಿಗಳು ಮೊದಲೇ ಪಾಲಿಸುತ್ತಿದ್ದವು. ಯಾರ ಕಣ್ಣಿಗೂ ಬೀಳದೆ ಉಳಿದದ್ದು ಪಟಿಕದ ಕಲ್ಲು. ಗಾಯವಾದ ಕೆನ್ನೆಗೆ ತಿಕ್ಕಿದ ಅದೇ ಒದ್ದೆ ಕಲ್ಲು ಮುಂದಿನವರ ಕೆನ್ನೆಗೂ ಹೋಗುತ್ತದೆ. ಕಲ್ಲನ್ನು ಕುಟ್ಟಿ ಪುಡಿ ಮಾಡಿ, ಚಿಟಿಕೆಯಷ್ಟನ್ನು ಹತ್ತಿಯಲ್ಲಿ ತೆಗೆದು ಹಚ್ಚಿ ಹತ್ತಿಯನ್ನು ಎಸೆದರೆ ಮುಗಿಯಿತು, ಖರ್ಚೂ ಇಲ್ಲ. ಎರಡನೆಯದು ಬ್ಲೇಡ್ ಸಿಕ್ಕಿಸುವ ಕತ್ತಿಯ ಸಂದು. ಡೆಟಾಲ್ ನೀರಲ್ಲಿ ಅದ್ದಿ ತೆಗೆದರೆ ಸಂದಿನ ರಕ್ತ ಹೋಗದು, ಒಣಗಿದ ರಕ್ತದಲ್ಲೂ ಈ ವೈರಸ್ ವಾರಗಟ್ಟಲೆ ಜೀವ ಹಿಡಿದಿರಬಲ್ಲದು. ಮೊದಲು ಸೋಪು-ಬ್ರಷ್‌ನಿಂದ ತಿಕ್ಕಿ ತೊಳೆಯಬೇಕು, ಕೊಳೆ ಇದ್ದಲ್ಲಿ ಕ್ಲೋರಿನ್ ಕೆಲಸ ಮಾಡದು. ಆಮೇಲೆ 5 ಪ್ರತಿಶತದ ಹೈಪೋಕ್ಲೋರೈಟ್ ಒಂದು ಪಾಲು, ತಣ್ಣೀರು ಒಂಬತ್ತು ಪಾಲು ಬೆರೆಸಿ 10 ನಿಮಿಷ ಮುಳುಗಿಸಿಡಬೇಕು. ಬೆರೆಸಿದ್ದು ಆ ದಿನಕ್ಕಷ್ಟೇ. ಮರುದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ. ತೆಗೆದ ಮೇಲೆ ತೊಳೆದು ಒರೆಸಿಡಿ, ನಮ್ಮ ಉಪ್ಪುಗಾಳಿಗೆ ಒದ್ದೆ ಕತ್ತಿ ಮರುದಿನವೇ ತುಕ್ಕು ಹಿಡಿಯುತ್ತದೆ. ಹಳೆ ಬ್ಲೇಡುಗಳನ್ನು ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಕೊಟ್ಟ ಅಂಗಡಿಯವರಿಗೆ, ಕಸ ಆಯುವ ಪೌರಕಾರ್ಮಿಕರ ಪರವಾಗಿಯೂ ಧನ್ಯವಾದ.

ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯಂಥ ಕಡೆ ಹಚ್ಚೆ ಹಾಕುವವರಿಗೆ ಹೇಳಬೇಕಾದ್ದು ಒಂದೇ: ಸೂಜಿ ಹೊಸದಾದರೆ ಸಾಲದು, ಬಣ್ಣದ ಬಟ್ಟಲೂ ಹೊಸದಾಗಬೇಕು. ಒಬ್ಬರ ರಕ್ತ ತಾಗಿದ ಸೂಜಿಯನ್ನು ಅದ್ದಿದ ಬಣ್ಣವನ್ನು ಇನ್ನೊಬ್ಬರಿಗೆ ಬಳಸುವುದೇ ತಪ್ಪು. ಒಪ್ಪಿಕೊಂಡವರಿಗೆ ವಂದನೆ.

ದೋಣಿ ಮಾಲಕರು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಹೊತ್ತಿನಲ್ಲಿ, ಊರಿಗೆ ಹೋಗದೆ ಬಂದರದಲ್ಲೇ ಬಲೆ ಹೆಣೆಯುತ್ತಿದ್ದ ಕೆಲಸಗಾರರನ್ನು ಕರೆತಂದರು. ಹತ್ತು ದಿನ ಸಮುದ್ರದಲ್ಲಿರುವ ದೋಣಿಯಲ್ಲಿ ಒಂದೇ ರೇಜರ್, ಒಂದೇ ಉಗುರು ಕತ್ತರಿ ಕೈಯಿಂದ ಕೈಗೆ ತಿರುಗುತ್ತದೆ. ಪ್ರತಿಯೊಬ್ಬರಿಗೂ ಬೇರೆ ರೇಜರ್ ಕೊಡಿಸಿದ ಮಾಲಕರಿಗೆ ಬಿದ್ದ ಖರ್ಚು ಒಂದು ಬುಟ್ಟಿ ಬಂಗಡೆಗಿಂತ ಕಡಿಮೆ!

ಡಯಾಲಿಸಿಸ್ ಘಟಕಗಳ ದಾದಿಯರನ್ನು ಮರೆಯುವಂತಿಲ್ಲ. ಒಬ್ಬರ ಯಂತ್ರ ಮುಟ್ಟಿದ ಕೈಗವಸಿನಲ್ಲೇ ಇನ್ನೊಬ್ಬರನ್ನು ಮುಟ್ಟದಿರುವುದು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಸೀಸೆಯನ್ನು ರೋಗಿಗಳ ನಡುವೆ ಹಂಚದಿರುವುದು, ಆರು ತಿಂಗಳಿಗೊಮ್ಮೆ ತಪಾಸಣೆ. ಎಲ್ಲವೂ ಅವಸರದಲ್ಲಿ ತಪ್ಪಿಹೋಗುವಂಥವು, ಅವರು ತಪ್ಪಿಸಲಿಲ್ಲ. ಸೂಜಿಯೂ ರಕ್ತದ ದಾರಿಯೇ; ‘ಒಂದು ಇಂಜೆಕ್ಷನ್ ಕೊಟ್ಬಿಡಿ’ ಎಂದು ಹಟ ಹಿಡಿಯದೆ ಮಾತ್ರೆ ಒಯ್ದ ಹಿರಿಯರಿಗೂ ನಮಸ್ಕಾರ. ರಕ್ತನಿಧಿಗಳಲ್ಲಿ ಈ ವೈರಸ್ಸಿನ ಪರೀಕ್ಷೆ ದೇಶದಲ್ಲಿ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೂ ಮೊದಲು ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ರಕ್ತ ಹಾಕಿಸಿಕೊಂಡವರು ಇನ್ನೂ ಬಂದಿಲ್ಲದಿದ್ದರೆ ಒಮ್ಮೆ ಬನ್ನಿ. ಬಿ ವೈರಸ್ಸಿಗೆ ಲಸಿಕೆ ಇದೆ, ಸಿಗೆ ಇಲ್ಲ.

ಲಸಿಕೆ ಇಲ್ಲದಿದ್ದರೂ ಔಷಧ ಇದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಸಿರೋಸಿಸ್, ಅಂದರೆ ಯಕೃತ್ತು ಕಲೆಗಟ್ಟಿ ಗಡುಸಾಗುವುದು, ಇಲ್ಲದವರಿಗೆ ಸಾಮಾನ್ಯವಾಗಿ ಸೋಫೋಸ್‌ಬುವಿರ್ 400 ಮಿಲಿಗ್ರಾಂ, ಡಕ್ಲಾಟಾಸ್ವಿರ್ 60 ಮಿಲಿಗ್ರಾಂ, ದಿನಕ್ಕೊಮ್ಮೆ, 12 ವಾರ. ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಶುರುಮಾಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಬೇಕು, ಸಿ ಇಳಿಯುವಾಗ ಅಡಗಿದ್ದ ಬಿ ಎದ್ದು ಬರುವುದುಂಟು. ಕ್ಷಯಕ್ಕೆ ರಿಫಾಂಪಿಸಿನ್, ಹೃದಯಕ್ಕೆ ಅಮಿಯೊಡರೋನ್, ಮೂರ್ಛೆಗೆ ಫೆನಿಟಾಯಿನ್ ನುಂಗುವವರು ಮೊದಲೇ ವೈದ್ಯರಿಗೆ ಹೇಳಬೇಕು. ಗಡಿಯಾಚೆ ಗೋವಾದಲ್ಲಿ ಕುಡಿತ ಅಗ್ಗ ಅನ್ನುವುದು ಯಕೃತ್ತಿಗೆ ಗೊತ್ತಾಗುವುದಿಲ್ಲ. ಆ 12 ವಾರವೂ, ಆಮೇಲೂ ಬೇಡ.

ನಡುವೆ ಒಂದು ದಿನ ಮರೆತು ಕಂಗಾಲಾದವರಿದ್ದರು. 18 ಗಂಟೆಯೊಳಗೆ ನೆನಪಾದರೆ ಆಗಲೇ ನುಂಗಿ, ಮೀರಿದ್ದರೆ ಮರುದಿನದ್ದನ್ನು ಅದರ ಹೊತ್ತಿಗೆ. ಎರಡು ದಿನದ್ದು ಒಟ್ಟಿಗೆ ಬೇಡ.

ಗುಣವಾಯಿತೋ ಎಂಬುದು ಕೊನೆಯ ಮಾತ್ರೆ ನುಂಗಿದ ದಿನ ಗೊತ್ತಾಗದು. ಅದಾಗಿ 12 ವಾರ ಕಳೆದ ಮೇಲೆ ಮಾಡಿಸುವ ಆರ್‌ಎನ್‌ಎ ಪರೀಕ್ಷೆ ಹೇಳಬೇಕು. ಕಾರ್ಡ್ ಪರೀಕ್ಷೆ ಮತ್ತೆ ಮಾಡಿಸಿ ಎರಡು ಗೆರೆ ನೋಡಿ ಗಾಬರಿಯಾಗಬೇಡಿ. ಸಿರೋಸಿಸ್ ಇದ್ದವರು ಗುಣವಾದರೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಬಿಡುವಂತಿಲ್ಲ. ಒಮ್ಮೆ ಗುಣವಾದವರಿಗೂ ಮತ್ತೆ ಸೋಂಕು ತಗುಲಬಹುದು.

ಈ ಕೊನೆಯ ಪರೀಕ್ಷೆ ಬಾಕಿ ಇರುವವರಿಗೆ ನಮ್ಮ ಧನ್ಯವಾದವೂ ಅಷ್ಟರಮಟ್ಟಿಗೆ ಬಾಕಿ. ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಬನ್ನಿ. ಬರುವಾಗ ಹಳೆಯ ಚೀಟಿ ತನ್ನಿ.