ಬೀಗ ಹಾಕುವುದನ್ನು ಮೊದಲೇ ಹೇಳಬಾರದಾ?

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಊರಿನ ಹಳೆಯ ಅರಮನೆಯ ಲೇಖನ ಓದಿದಾಗಿನಿಂದ ನಮ್ಮ ಅತ್ತೆಗೆ ಅದೇ ಧ್ಯಾನ. ತುಮಕೂರಿನಿಂದ ನಮ್ಮ ಮನೆಗೆ ಬಂದು ಮೂರು ವಾರವಾಗಿದೆ, ಒಂದು ದಿನವೂ ಏನನ್ನೂ ಕೇಳಿದವರಲ್ಲ. ಇದೊಂದನ್ನು ಕೇಳಿದರು. ನಿನ್ನೆ ರಜೆ ಹಾಕಿ ಎಡಿನ್‌ಬರೋದಿಂದ ರೈಲಿನಲ್ಲಿ ಕರೆದುಕೊಂಡು ಹೋದೆ. ಸ್ಟೇಷನ್ನಿನಿಂದ ಅರಮನೆ ಪಕ್ಕದ ಹಳೆಯ ಕ್ರೈಸ್ತ ಮಠದವರೆಗೂ ಏರು. ಅವರಿಗೆ 71 ವರ್ಷ, ಮಂಡಿ ನೋವು. ಜೊತೆಗೆ ಮಳೆ. ಎರಡು ಕಡೆ ಕೂತು, ಸುಧಾರಿಸಿಕೊಂಡು ಹತ್ತಿದೆವು.

ಮೇಲೆ ಹೋದರೆ ಬೀಗ! 'ಇಂದು ಮುಚ್ಚಿದೆ' ಎಂಬ ಒಂದು ಚೀಟಿ. ಯಾಕೆ, ಯಾವಾಗ ತೆಗೆಯುತ್ತಾರೆ, ಏನೂ ಇಲ್ಲ. ಬೆಳಿಗ್ಗೆ ವೆಬ್‌ಸೈಟಿನಲ್ಲಿ ತೆರೆದಿದೆ ಅಂತಲೇ ಇತ್ತು. ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ದನಿ. 1600ರಲ್ಲಿ ಒಂದನೇ ಚಾರ್ಲ್ಸ್ ದೊರೆ ಹುಟ್ಟಿದ ಅರಮನೆ ಅದು. ಉಳಿದಿರುವುದೇ ಒಂದು ದೊಡ್ಡ ಗೋಡೆ, ಅಡುಗೆಮನೆ, ಮಠದ ಊಟದ ಮನೆಗೆ ಸೇರಿಸುವ ಹೆಬ್ಬಾಗಿಲು. ಅಷ್ಟನ್ನಾದರೂ ಹತ್ತಿರದಿಂದ ನೋಡೋಣ ಅಂದರೆ ಬಿಡಲಿಲ್ಲ. ಕೊನೆಗೆ ಕೆಳಗಿನ ಪಿಟೆನ್‌ಕ್ರಿಫ್ ಪಾರ್ಕಿಗೆ ಇಳಿದು, ಮರಗಳ ಸಂದಿಯಿಂದ ಗೋಡೆ ತೋರಿಸಿದೆ. "ಚೆನ್ನಾಗಿದೆ ಬಿಡಮ್ಮ, ಕಿಟಕಿ ಎಲ್ಲ ಕಾಣ್ತಿದೆಯಲ್ಲ" ಅಂದರು. ನನಗೆ ಅಳುವೇ ಬಂತು.

ಆ ಪಾರ್ಕಿನ ಕಥೆ ನಿಮ್ಮ ಲೇಖನದಲ್ಲಿ ಇರಲಿಲ್ಲ. ಈ ಊರಿನಲ್ಲೇ ಹುಟ್ಟಿ, ಅಮೆರಿಕದಲ್ಲಿ ಉಕ್ಕಿನ ಉದ್ಯಮದಿಂದ ಶ್ರೀಮಂತನಾದ ಆಂಡ್ರೂ ಕಾರ್ನೆಗಿಯನ್ನು ಹುಡುಗನಾಗಿದ್ದಾಗ ಅದರೊಳಗೆ ಬಿಡುತ್ತಿರಲಿಲ್ಲ. ದೊಡ್ಡವನಾದ ಮೇಲೆ 1902ರಲ್ಲಿ ಅದನ್ನೇ ಕೊಂಡು ಊರಿನವರಿಗೆ ಕೊಟ್ಟುಬಿಟ್ಟ. ಬಾಗಿಲ ಹೊರಗೆ ನಿಲ್ಲುವ ಸಂಕಟ ಆತನಿಗೆ ಗೊತ್ತಿತ್ತು. ಈ ಅಧಿಕಾರಿಗಳಿಗೆ ಯಾಕೆ ಗೊತ್ತಾಗುವುದಿಲ್ಲ?

ಇದು ಮೊದಲ ಸಲವೂ ಅಲ್ಲ. ಎರಡು ವರ್ಷದ ಹಿಂದೆ ನಮ್ಮ ತಂದೆಯನ್ನು ಇನ್ನೊಂದು ಹಳೆಯ ಕೋಟೆಗೆ ಕರೆದುಕೊಂಡು ಹೋದಾಗಲೂ ಇದೇ ಕಥೆ. ಅರ್ಧ ಜಾಗಕ್ಕೆ ಕಬ್ಬಿಣದ ಬೇಲಿ, ಟಿಕೆಟ್ ಮಾತ್ರ ಪೂರ್ತಿ. ದೂರು ಬರೆದೆ. 'ಗಮನಿಸಿದ್ದೇವೆ' ಅಂತ ಒಂದು ಸಾಲು ಬಂತು, ಅಷ್ಟೇ. ನಮ್ಮ ಬೀದಿಯ ಬಸ್ ಸ್ಟಾಪಿಗೆ ಸೂರು ಕೇಳಿದಾಗ ಇನ್ನೊಂದು ಕಚೇರಿಯಿಂದಲೂ ಅದೇ ಸಾಲು! ಗಮನಿಸಿ ಏನು ಮಾಡುತ್ತಾರೆ?

ಹಳೆಯ ಕಲ್ಲು ಬೀಳುವ ಭಯವಿದ್ದರೆ ಮುಚ್ಚಲಿ, ಬೇಡ ಅನ್ನುವುದಿಲ್ಲ. ಆದರೆ ಮೊದಲೇ ಹೇಳಲಿ. ಫೋನಿಗೆ ಒಬ್ಬ ಮನುಷ್ಯ ಸಿಗಲಿ. ಏರಿನಲ್ಲಿ ಕೂರಲು ಜಾಸ್ತಿ ಬೆಂಚು ಹಾಕಲಿ. ನೀವೂ ಇಂಥ ಲೇಖನದ ಕೆಳಗೆ, ಹೊರಡುವ ಮುಂಚೆ ವಿಚಾರಿಸಿ ಅಂತ ಒಂದು ಮಾತು ಹಾಕಿ. ವಯಸ್ಸಾದವರನ್ನು ಮಳೆಯಲ್ಲಿ ನಿಲ್ಲಿಸುವುದು ತಪ್ಪು ಅಲ್ವಾ? ಅತ್ತೆ ಮುಂದಿನ ವಾರ ಊರಿಗೆ ವಾಪಸ್ ಹೋಗುತ್ತಾರೆ.

— ನೊಂದ ಓದುಗಿ, ಎಡಿನ್‌ಬರೋ