ಪ್ಯಾರಿಸ್‌ನಲ್ಲಿ 42, ನಮ್ಮಲ್ಲಿ 58

ಮಾನ್ಯ ಸಂಪಾದಕರೇ,

ಕಲಾವಿದರ ಮಾಸಾಶನವನ್ನು ಹೆಚ್ಚಿಸಬೇಕೆಂದು ನಿಮ್ಮ ವಾಚಕರ ವಿಭಾಗದಲ್ಲಿ ಹಲವರು ಬರೆಯುತ್ತಿದ್ದಾರೆ. ಮೊತ್ತ ಎಷ್ಟಿರಬೇಕು ಎಂಬುದರ ಸುತ್ತಲೇ ಮಾತು ಸುತ್ತುತ್ತಿದೆ. ಜಿಲ್ಲಾ ಖಜಾನೆಯ ಪಿಂಚಣಿ ಕಡತಗಳ ನಡುವೆ ತಲೆ ನರೆತವಳು ನಾನು. ಯಾವ ಅರ್ಜಿ ಕೈಗೆ ಬಂದರೂ ಮೊದಲು ನೋಡುವುದು ವಯಸ್ಸಿನ ಕಾಲಂ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ ಅರ್ಜಿ ಹಾಕಲು ಕಲಾವಿದರಿಗೆ 58 ವರ್ಷ ತುಂಬಿರಬೇಕು. ಹರಿಕಥೆ ದಾಸರಿಗೂ ಅಷ್ಟೇ, ಶಿಲ್ಪಿಗೂ ಅಷ್ಟೇ, ನರ್ತಕರಿಗೂ ಅಷ್ಟೇ. ದಾಸರ ಕಂಠ ಆ ವಯಸ್ಸಿಗೆ ಹದಗೊಂಡಿರುತ್ತದೆ, ಶಿಲ್ಪಿಯ ಕೈ ಪಳಗಿರುತ್ತದೆ. ಯುರೋಪಿನ ಶಾಸ್ತ್ರೀಯ ನೃತ್ಯವಾದ ಬ್ಯಾಲೆಯನ್ನೋ ಸಮಕಾಲೀನ ನೃತ್ಯವನ್ನೋ ವೃತ್ತಿಯಾಗಿ ಹಿಡಿದವರ ಮೊಣಕಾಲು ಮಾತ್ರ 40ರ ಆಸುಪಾಸಿನಲ್ಲೇ ರಾಜೀನಾಮೆ ಬರೆದುಕೊಟ್ಟಿರುತ್ತದೆ. ನಡುವಿನ ವರ್ಷಗಳಲ್ಲಿ ಅವರು ಹೇಗೆ ಬದುಕಬೇಕು ಎಂಬ ಪ್ರಶ್ನೆಗೆ ನಮ್ಮ ಯಾವ ನಿಯಮದಲ್ಲೂ ಉತ್ತರವಿಲ್ಲ.

ಫ್ರಾನ್ಸಿನ ಹೆಸರಾಂತ ರಂಗಸಂಸ್ಥೆ ಪ್ಯಾರಿಸ್ ಒಪೆರಾದ ಬ್ಯಾಲೆ ತಂಡದಲ್ಲಿ ಸುಮಾರು 150 ನರ್ತಕರಿದ್ದಾರೆ. ಅವರ ನಿವೃತ್ತಿ ವಯಸ್ಸು 42. ಹೆಣ್ಣಿಗೂ ಅದೇ, ಗಂಡಿಗೂ ಅದೇ, ಪಿಂಚಣಿಯ ಹಕ್ಕಿನ ಸಮೇತ. ಆ ಸಂಸ್ಥೆಯ ಪಿಂಚಣಿ ವ್ಯವಸ್ಥೆಯ ಬೇರು 1698ರಷ್ಟು ಹಿಂದಿನದು, ಹದಿನಾಲ್ಕನೆಯ ಲೂಯಿಯ ಕಾಲದ್ದು. ಆ ದೊರೆಯ ದುಂದುಗಾರಿಕೆಯ ಬಗ್ಗೆ ನನಗೇನೂ ಗೌರವವಿಲ್ಲ. ಆದರೆ ಕುಣಿದವರಿಗೆ ಕೊನೆಗಾಲದಲ್ಲಿ ಅನ್ನವನ್ನೂ ಕೊಡಬೇಕು ಎಂಬ ಲೆಕ್ಕ ಅವನ ದರ್ಬಾರಿಗೆ ತಿಳಿದಿತ್ತು. 2019ರಲ್ಲಿ ಫ್ರಾನ್ಸ್ ಸರ್ಕಾರ ಇಂಥ ವಿಶೇಷ ಪಿಂಚಣಿಗಳನ್ನೆಲ್ಲ ರದ್ದು ಮಾಡಲು ಹೊರಟಾಗ ನರ್ತಕರು ಮುಷ್ಕರ ಹೂಡಿದರು. ಡಿಸೆಂಬರ್ 24ರಂದು, ಕ್ರಿಸ್‌ಮಸ್ ಮುನ್ನಾದಿನ, ಒಪೆರಾ ಭವನದ ಮುಂದಿನ ಮೆಟ್ಟಿಲುಗಳ ಮೇಲೆ ಚಳಿಯಲ್ಲಿ ಬಿಳಿಯ ತೆಳು ಉಡುಪಿನ ನರ್ತಕಿಯರು ‘ಸ್ವಾನ್ ಲೇಕ್’ ಎಂಬ ಪ್ರಸಿದ್ಧ ಬ್ಯಾಲೆಯ ಭಾಗವೊಂದನ್ನು ಆಡಿ ತೋರಿಸಿದರು. ಜೊತೆಗೆ ವಾದ್ಯಗಾರರೂ ಹೊರಗೆ ಬಂದು ಕುಳಿತು ನುಡಿಸಿದರು. ಈಗಿರುವವರನ್ನು ಮುಟ್ಟುವುದಿಲ್ಲ, ಮುಂದೆ ಸೇರುವವರಿಗೆ ಮಾತ್ರ ಹೊಸ ನಿಯಮ ಎಂದು ಸರ್ಕಾರ ಚೌಕಾಸಿಗೆ ಬಂದರೂ ಅವರು ಒಪ್ಪಲಿಲ್ಲ. ತಮ್ಮ ಪಾಲು ಭದ್ರವಾಯಿತಲ್ಲ ಎಂದು ಸುಮ್ಮನಾಗದೆ, ಇನ್ನೂ ಶಾಲೆಯಲ್ಲಿರುವ ಮಕ್ಕಳ ಪಿಂಚಣಿಗಾಗಿ ಪಟ್ಟು ಹಿಡಿದ ನೌಕರರನ್ನು ನನ್ನ ಸೇವಾವಧಿಯಲ್ಲಿ ನಾನು ಹೆಚ್ಚು ಕಂಡಿಲ್ಲ. ನಮ್ಮಲ್ಲಿ ಹೊಸದಾಗಿ ಸೇರುವ ನೌಕರರಿಗೆ ಹೊಸ ಪಿಂಚಣಿ ಪದ್ಧತಿ ಬಂದಾಗ ಹಳಬರು ಎಷ್ಟು ಬೇಗ ಸುಮ್ಮನಾದರು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. 2023ರಲ್ಲಿ ಅಲ್ಲಿ ಮತ್ತೆ ಪಿಂಚಣಿ ಸುಧಾರಣೆಯಾಯಿತು. ಆಗಲೂ ಒಪೆರಾ ನರ್ತಕರ 42 ಉಳಿದುಕೊಂಡಿತು.

42 ಎಂದರೆ ನಮ್ಮವರಿಗೆ ಸುಖದ ನೌಕರಿಯಂತೆ ಕಾಣುತ್ತದೆ. ಸೇವೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನೂ ಎಣಿಸಬೇಕು. ಒಪೆರಾದ ಶಾಲೆ 1713ರದ್ದು, ಈಗ ಪ್ಯಾರಿಸ್ ಪಕ್ಕದ ನಾಂತೇರ್‌ನಲ್ಲಿದೆ. ಎಂಟು, ಒಂಬತ್ತು, ಹತ್ತು ವರ್ಷದ ಮಕ್ಕಳನ್ನು ಅಲ್ಲಿ ಆರಿಸಿಕೊಳ್ಳುತ್ತಾರೆ. ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ನೃತ್ಯ. ಪ್ರತಿ ವರ್ಷ ಪರೀಕ್ಷೆ, ತೇರ್ಗಡೆಯಾಗದವರು ಗಂಟುಮೂಟೆ ಕಟ್ಟಬೇಕು. ಸೇಂಟ್ ಪೀಟರ್ಸ್‌ಬರ್ಗ್‌ನ ವಾಗನೋವಾ ಅಕಾಡೆಮಿ 1738ರಲ್ಲಿ ಹುಟ್ಟಿದ್ದು. ಅಲ್ಲಿಯೂ ಹತ್ತರ ವಯಸ್ಸಿಗೆ ಸೇರಿ ಎಂಟು ವರ್ಷ ಕಲಿಯುತ್ತಾರೆ. ಇಷ್ಟು ಎಳವೆಯಲ್ಲೇ ಏಕೆ ಎಂದರೆ ಎಲುಬಿನ ಕಾರಣಕ್ಕೆ. ಬ್ಯಾಲೆಯಲ್ಲಿ ಎರಡೂ ಪಾದಗಳು ಹೊರಮುಖವಾಗಿ ತಿರುಗಿ ನಿಲ್ಲಬೇಕು, ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ಮೂಳೆ ಬೆಳೆಯುವ ವಯಸ್ಸು ದಾಟಿದ ಮೇಲೆ ಕಲಿಯಲು ಹೋದವರು ಸೊಂಟದಲ್ಲಿ ಸಿಗದ ತಿರುವನ್ನು ಮೊಣಕಾಲಿನಿಂದ ಕಿತ್ತುಕೊಳ್ಳುತ್ತಾರೆ. ಮೊಣಕಾಲು ಮಡಚಲು ಇರುವುದೇ ಹೊರತು ತಿರುಚಲು ಅಲ್ಲ.

ಇದನ್ನು ನಾನು ಪುಸ್ತಕ ಓದಿ ತಿಳಿದವಳಲ್ಲ. ನನ್ನ ಮಗನಿಗೆ ಈಗ 37. ಪಿಯುಸಿ ಮುಗಿಸಿ ಬಿ.ಕಾಂ.ಗೆಂದು ಬೆಂಗಳೂರಿಗೆ ಹೋದವನು ಸಮಕಾಲೀನ ನೃತ್ಯದ ಡಿಪ್ಲೊಮಾಕ್ಕೆ ಸೇರಿದ. ಬೆಳಿಗ್ಗೆ ಬ್ಯಾಲೆ, ಆಮೇಲೆ ಕೇರಳದ ಸಮರಕಲೆ ಕಳರಿಪಯಟ್ಟು, ಸಂಜೆ ಸಂಯೋಜನೆಯ ತಾಲೀಮು. ಆಗಿನ ಅವನ ವಯಸ್ಸಿಗೆ ನಾಂತೇರ್‌ನ ಹುಡುಗರು ಶಾಲೆ ಮುಗಿಸಿ ತಂಡದ ಪರೀಕ್ಷೆಗೆ ನಿಂತಿರುತ್ತಾರೆ. ಇವನು ಆಗಷ್ಟೇ ಕಂಬಿ ಹಿಡಿದು ಮೊದಲ ಪಾಠ ಕಲಿಯುತ್ತಿದ್ದ. ಎರಡು ವರ್ಷಗಳ ಹಿಂದೆ ಬಲಗಾಲಿನ ಮಿನಿಸ್ಕಸ್ ಎಂಬ ಮೆದುಮೂಳೆ ಹರಿದು ಶಸ್ತ್ರಚಿಕಿತ್ಸೆಯಾಯಿತು. ವಿಮೆ ಕಂಪನಿಯೊಂದರ ನಮೂನೆಯ ಉದ್ಯೋಗದ ಪಟ್ಟಿಯಲ್ಲಿ ನರ್ತಕ ಎಂಬುದು ಇರಲೇ ಇಲ್ಲ. ‘ಇತರೆ’ ಎಂದು ತುಂಬಿದ್ದಕ್ಕೆ ವಿವರ ಕೇಳಿ ಪತ್ರ ಬಂತು, ವಿವರ ಕೊಟ್ಟ ಮೇಲೆ ಇದು ಅಪಾಯದ ಉದ್ಯೋಗ, ಮೊದಲೇ ತಿಳಿಸಬೇಕಿತ್ತು ಎಂದು ಇನ್ನೊಂದು ಪತ್ರ ಬಂತು. ಕುಣಿತ ಕೆಲಸವೇ ಅಲ್ಲ ಎನ್ನುವವರು ಅಪಾಯದ ಮಾತು ಬಂದಾಗ ಮಾತ್ರ ಅದನ್ನು ಕೆಲಸವೆಂದು ಒಪ್ಪಿಕೊಳ್ಳುತ್ತಾರೆ.

ಹಬ್ಬಕ್ಕೆ ಹಾಸನಕ್ಕೆ ಬಂದಾಗಲೂ ಅವನಿಗೆ ರಜೆಯಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ನಡುಮನೆಯ ಕಿಟಕಿಯ ಸರಳು ಹಿಡಿದು ನಿಲ್ಲುತ್ತಾನೆ. ಬೆನ್ನು ಬಾಗದಂತೆ ಮೊಣಕಾಲು ಮಡಚಿ ನಿಧಾನವಾಗಿ ಇಳಿಯುವುದು, ಅಷ್ಟೇ ನಿಧಾನವಾಗಿ ಏರುವುದು. ಇದಕ್ಕೆ ಪ್ಲಿಯೆ ಎನ್ನುತ್ತಾರೆ. ಮೊದಲ ದಿನ ಕಲಿತದ್ದೂ ಅದೇ, ಇಂದೂ ಮಾಡುವುದು ಅದೇ. ಇಳಿಯುವಾಗ ಬಲ ಮೊಣಕಾಲಿನಲ್ಲಿ ಲಟಕ್ ಎಂದು ಸದ್ದಾಗುವುದು ಅಡುಗೆಮನೆಗೆ ಕೇಳಿಸುತ್ತದೆ. ಅಂಗಾಲಿನ ಚರ್ಮ ಸೀಳಿದ ಕಡೆಯಲ್ಲೆಲ್ಲ ಬಿಳಿ ಟೇಪು. ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಪಾತ್ರೆಯ ಮೇಲಿನ ಅರೆಯಲ್ಲಿ ಅವನ ಐಸ್ ಚೀಲಗಳು. ಸಮಕಾಲೀನ ನೃತ್ಯದಲ್ಲಿ ನೆಲಕ್ಕೆ ಬೀಳುವುದು, ಉರುಳುವುದು, ಭುಜದ ಮೇಲೆ ಭಾರ ಹಾಕಿ ಏಳುವುದು ಎಲ್ಲವೂ ಬರಿಗಾಲಿನ ಕೆಲಸ. ವೃತ್ತಿಪರ ತಂಡಗಳ ಸಭಾಂಗಣಗಳಲ್ಲಿ ಮರದ ಪಟ್ಟಿಗಳ ಕೆಳಗೆ ಎಡೆ ಬಿಟ್ಟು, ಒತ್ತಿದರೆ ತುಸು ಕುಸಿದು ಮೇಲೇಳುವ ನೆಲ ಹಾಕಿರುತ್ತಾರೆ, ಅದರ ಮೇಲೆ ವಿನೈಲ್ ಹಾಸು. ನಮ್ಮ ಜಿಲ್ಲಾ ಕೇಂದ್ರಗಳ ವೇದಿಕೆಗಳು ಸಿಮೆಂಟಿನವು. ಮೇಲೆ ಮದುವೆ ಮನೆಯ ಕೆಂಪು ಜಮಖಾನ, ಅದರ ಅಂಚಿಗೆ ಶಾಮಿಯಾನದವರು ಹೊಡೆದ ಮೊಳೆ. ಒಳ್ಳೆಯ ನೆಲ, ಸಂಬಳದ ಫಿಸಿಯೋಥೆರಪಿಸ್ಟ್, ಎಳವೆಯ ತರಬೇತಿ ಎಲ್ಲ ಇದ್ದೂ ಅಲ್ಲಿನವರ ದೇಹ 42ಕ್ಕೆ ಸಾಕೆನ್ನುತ್ತದೆ. ಇವು ಯಾವುವೂ ಇಲ್ಲದ ನಮ್ಮವರಿಗೆ 58!

ಸಂಪಾದನೆಯ ಮಾತನ್ನೂ ಹೇಳಿಬಿಡುತ್ತೇನೆ. ಆರು ತಿಂಗಳು ತಾಲೀಮು ಮಾಡಿ ಕಟ್ಟಿದ ಕೃತಿ ಎರಡೋ ಮೂರೋ ಪ್ರದರ್ಶನ ಕಂಡರೆ ಹೆಚ್ಚು. ಅವುಗಳಿಂದ ಅವನ ಕೈಗೆ ಬರುವ ಹಣ, ಕಂಪನಿಗಳ ಸಮಾರಂಭದಲ್ಲಿ ಹೊಸ ಮೊಬೈಲ್ ಬಿಡುಗಡೆಯ ಮುನ್ನ ಹೊಗೆಯ ನಡುವೆ ಏಳು ನಿಮಿಷ ಕುಣಿದರೆ ಬರುವುದಕ್ಕಿಂತ ಕಡಿಮೆ. ಹಾಗಾಗಿ ಬಾಡಿಗೆ ಕಟ್ಟುವುದು ಮೊಬೈಲ್, ಮೊಣಕಾಲು ಸವೆಯುವುದು ಕಲೆಗೆ. ಭವಿಷ್ಯ ನಿಧಿ ಇಲ್ಲ, ಇಎಸ್‌ಐ ಇಲ್ಲ, ಗ್ರಾಚ್ಯುಟಿ ಎಂಬ ಪದವನ್ನು ನಾನೇ ವಿವರಿಸಬೇಕಾಯಿತು.

ಇಲ್ಲಿಗೆ ಇಬ್ಬರು ಆಕ್ಷೇಪಣೆ ಎತ್ತುತ್ತಾರೆಂದು ಗೊತ್ತು. ಆಕ್ಷೇಪಣೆಗೆ ಉತ್ತರ ಬರೆಯುವುದೇ ನನ್ನ ಕಸುಬಾಗಿತ್ತು, ಬರೆಯುತ್ತೇನೆ.

ಒಬ್ಬರು, ಪರದೇಶದ ಕುಣಿತಕ್ಕೆ ಕನ್ನಡಿಗರ ತೆರಿಗೆ ಹಣವೇ ಎನ್ನುತ್ತಾರೆ. ಕಥಕ್ ಕಲಾವಿದೆ ಮಾಯಾ ರಾವ್ 1960ರ ದಶಕದಲ್ಲಿ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆಯನ್ನು ಅಧ್ಯಯನ ಮಾಡಿ ಬಂದವರು. ದೆಹಲಿಯಲ್ಲಿ ಆರಂಭಿಸಿದ ತಮ್ಮ ಸಂಸ್ಥೆಯನ್ನು 1987ರಲ್ಲಿ ಬೆಂಗಳೂರಿಗೆ ತಂದರು. ಬೆಂಗಳೂರಿನಲ್ಲೇ ಹುಟ್ಟಿದ ರಾಮ್ ಗೋಪಾಲ್ ಭರತನಾಟ್ಯ, ಕಥಕ್ಕಳಿ ಕಲಿತು ಯುರೋಪಿನಲ್ಲಿ ಹೆಸರು ಮಾಡಿದವರು, 1960ರಲ್ಲಿ ಬ್ರಿಟಿಷ್ ಬ್ಯಾಲೆಯ ತಾರೆ ಅಲಿಷಿಯಾ ಮಾರ್ಕೋವಾ ಜೊತೆ ರಾಧಾ–ಕೃಷ್ಣರಾಗಿ ನರ್ತಿಸಿದವರು. ಸಮಕಾಲೀನ ನೃತ್ಯದ ಅಟ್ಟಕ್ಕಲರಿ ಸಂಸ್ಥೆ 1992ರಲ್ಲಿ ಆರಂಭವಾಯಿತು, ಮಾಯಾ ರಾವ್ ಅವರ ಮಗಳು ಮಧು ನಟರಾಜ್ ಅವರ ‘ಸ್ಟೆಮ್’ ತಂಡ 1995ರಲ್ಲಿ. ಬೆಂಗಳೂರಿನ ಸಮಕಾಲೀನ ನೃತ್ಯಕ್ಕೆ ಒಂದು ತಲೆಮಾರೇ ಕಳೆದಿದೆ. ಇನ್ನೂ ಅತಿಥಿ ಎನ್ನುತ್ತಾ ಕೂರುವುದು ಸರಿಯಲ್ಲ.

ಇನ್ನೊಬ್ಬರು, ಸಮಕಾಲೀನ ನೃತ್ಯದ ಹೆಸರಾಂತ ಕಲಾವಿದ ಅಸ್ತಾದ್ ದೇಬೂ ಎಪ್ಪತ್ತು ದಾಟಿದ ಮೇಲೂ ಕುಣಿದರಲ್ಲ ಎನ್ನುತ್ತಾರೆ. ಹೌದು, ಕುಣಿದರು. ನೆದರ್ಲೆಂಡ್ಸ್‌ನಲ್ಲಿ ನೃತ್ಯ ಸಂಯೋಜಕ ಯಿರ್ಜಿ ಕಿಲಿಯಾನ್ 1991ರಲ್ಲಿ 40 ದಾಟಿದ ನರ್ತಕರಿಗೆಂದೇ ಒಂದು ತಂಡ ಕಟ್ಟಿದ್ದರು, 2006ರವರೆಗೆ ನಡೆಯಿತು. ತಮ್ಮ ದೇಹಕ್ಕೆ ಹೊಂದುವ ನೃತ್ಯವನ್ನು ತಾವೇ ಸಂಯೋಜಿಸಿಕೊಳ್ಳಬಲ್ಲ ದೊಡ್ಡ ಕಲಾವಿದರಿಗೆ, ಬೆನ್ನಿಗೆ ಸಂಸ್ಥೆಯಿದ್ದವರಿಗೆ ಅದು ಸಾಧ್ಯ. ತಂಡದ ಎರಡನೆಯ ಸಾಲಿನಲ್ಲಿ ನಿಂತು ಇನ್ನೊಬ್ಬರನ್ನು ಹೆಗಲ ಮೇಲೆ ಎತ್ತಿದವನಿಗೆ ಆ ಭಾಗ್ಯವಿಲ್ಲ. ನಿಯಮ ಮಾಡಬೇಕಿರುವುದು ಅವನಿಗಾಗಿ.

ದೇಹದ ಕಸುವನ್ನು ನಂಬಿದ ಕೆಲಸಕ್ಕೆ ಬೇರೆ ವಯಸ್ಸಿನ ಲೆಕ್ಕ ಬೇಕು ಎಂಬುದು ನಮ್ಮ ಸರ್ಕಾರಗಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಸೈನ್ಯದಲ್ಲಿ ಜವಾನರಿಗೆ 15 ವರ್ಷದ ಸೇವೆಗೆ ಪಿಂಚಣಿಯ ಅರ್ಹತೆ ಬರುತ್ತಿತ್ತು. ಮಾಜಿ ಸೈನಿಕರ ಮೀಸಲಾತಿಯಲ್ಲಿ ಬಂದವರೊಬ್ಬರು ವರ್ಷಗಟ್ಟಲೆ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದರು. ಮೂವತ್ತೈದರ ಸುಮಾರಿಗೆ ಸೈನ್ಯ ಬಿಟ್ಟು, ಪಿಂಚಣಿ ಪಡೆಯುತ್ತಲೇ ಟೈಪಿಂಗ್ ಕಲಿತು, ಇಲಾಖಾ ಪರೀಕ್ಷೆ ಪಾಸು ಮಾಡಿ, ಎರಡನೆಯ ನೌಕರಿಯಲ್ಲೂ ಗೌರವದಿಂದ ನಿವೃತ್ತರಾದರು. ಅವರ ಮೇಜಿನ ಮೇಲೆ ಒಂದು ಕಡತವೂ ಬಾಕಿ ಉಳಿಯುತ್ತಿರಲಿಲ್ಲ, ಅದು ಬೇರೆ ವಿಷಯ. ನರ್ತಕರಿಗೆ ಬೇಕಿರುವುದೂ ಇದೇ ಎರಡನೆಯ ಸರದಿ. ಸಾಯುವವರೆಗೆ ಕುಳಿತು ಉಣ್ಣುವ ಪಿಂಚಣಿಯನ್ನು ಅವರು ಕೇಳುತ್ತಿಲ್ಲ. ಬ್ರಿಟನ್‌ನಲ್ಲಿ 1973ರಲ್ಲೇ ನರ್ತಕರ ಮರುತರಬೇತಿಗೆ ನಿಧಿ ಶುರುವಾಯಿತು. ನೆದರ್ಲೆಂಡ್ಸ್‌ನಲ್ಲಿ 1986ರಿಂದ ಅಂಥದೇ ಸಂಸ್ಥೆಯಿದೆ. ಅಲ್ಲಿ ದುಡಿಯುವ ಕಾಲದಲ್ಲಿ ನರ್ತಕರೂ ತಂಡದವರೂ ಸಂಬಳದ ಒಂದು ಸಣ್ಣ ಪಾಲನ್ನು ಕಟ್ಟುತ್ತಾರೆ. ರಂಗ ಬಿಟ್ಟ ಮೇಲೆ ಫಿಸಿಯೋಥೆರಪಿಯೋ ಕಾನೂನೋ ಬೆಳಕಿನ ವಿನ್ಯಾಸವೋ, ಹೊಸ ಕಸುಬು ಕಲಿಯಲು ಅದೇ ನಿಧಿ ನೆರವಾಗುತ್ತದೆ.

ನಮ್ಮಲ್ಲಿ ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2024ರಲ್ಲಿ ವಿಧಾನಮಂಡಲ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆಯನ್ನು ಅಂಗೀಕರಿಸಿದೆ. ಸಿನಿಮಾ ಟಿಕೆಟ್, ಒಟಿಟಿ ಚಂದಾ ಮುಂತಾದವುಗಳ ಮೇಲೆ ಶೇ 1ರಿಂದ 2ರವರೆಗೆ ಸೆಸ್ ವಿಧಿಸಿ, ಆ ಹಣವನ್ನು ಕಲ್ಯಾಣ ಮಂಡಳಿಯ ಮೂಲಕ ಕಲಾವಿದರಿಗೆ ಬಳಸಲು ಅದರಲ್ಲಿ ಅವಕಾಶವಿದೆ. ನರ್ತಕರೂ ಅದರ ವ್ಯಾಪ್ತಿಗೆ ಬರುತ್ತಾರೆ. ಯೋಜನೆ ರೂಪಿಸುವವರು ಹಳೆಯ ಮಾಸಾಶನದ ನಮೂನೆಯನ್ನೇ ತೆಗೆದು ಹೆಸರು ಬದಲಿಸಿ ಕಳಿಸುತ್ತಾರೆ ಎಂಬುದೇ ನನ್ನ ಭಯ. ಇಲಾಖೆಗಳಲ್ಲಿ ಹೆಚ್ಚಿನ ನಿಯಮಗಳು ಹುಟ್ಟುವುದೇ ಹಾಗೆ.

ಆದ್ದರಿಂದ ಮಂಡಳಿಯವರಲ್ಲಿ ನನ್ನ ಕೋರಿಕೆ ಇಷ್ಟು. ನೃತ್ಯವೇ ವೃತ್ತಿಯಾದವರಿಗೆ ವಯಸ್ಸಿನ ಮಿತಿಯನ್ನು 40 ಎಂದು ನಮೂದಿಸಿ. ಅವರಿಗೆ ತಿಂಗಳ ಮಾಸಾಶನದ ಬದಲು ಎರಡು ವರ್ಷದ ಮಟ್ಟಿಗೆ ಮರುತರಬೇತಿಯ ವೆಚ್ಚ ಕೊಡಿ. ಸರ್ಕಾರಿ ಶಾಲೆಗಳಿಗೆ ನೃತ್ಯ ಶಿಕ್ಷಕರಾಗಬೇಕೆಂದರೆ ಅವರ ರಂಗಾನುಭವವನ್ನು ಅರ್ಹತೆಯಾಗಿ ಪರಿಗಣಿಸಿ. ಕೀಲುಗಳ ಶಸ್ತ್ರಚಿಕಿತ್ಸೆಯನ್ನು ವೈದ್ಯಕೀಯ ನೆರವಿನ ಪಟ್ಟಿಗೆ ಸೇರಿಸಿ. ಸೇವಾವಧಿಗೆ ಪುರಾವೆ ಕೇಳುವಾಗ ವೇತನ ಚೀಟಿ ಕೇಳಬೇಡಿ, ಅದು ಯಾರ ಬಳಿಯೂ ಇರುವುದಿಲ್ಲ. ಪ್ರದರ್ಶನದ ಕರಪತ್ರ, ಆಹ್ವಾನ ಪತ್ರಿಕೆ, ಪತ್ರಿಕಾ ವರದಿ ಸಾಕು ಎಂದು ನಿಯಮದಲ್ಲೇ ಬರೆಯಿರಿ. ನನ್ನ ಮಗನ ಕರಪತ್ರಗಳನ್ನು ವರ್ಷವಾರು ಜೋಡಿಸಿ ದಾರ ಕಟ್ಟಿ ಇಟ್ಟಿದ್ದೇನೆ, ಪರಿಶೀಲನೆಗೆ ಬಂದವರು ಯಾವ ಆಕ್ಷೇಪಣೆಯನ್ನೂ ಎತ್ತಲಾರರು.

ಇತಿ,
ನಿವೃತ್ತ ಮುಖ್ಯ ಲೆಕ್ಕಿಗರು, ಖಜಾನೆ ಇಲಾಖೆ
ಹಾಸನ